ಹುಳುಗಳಿಗೆ ಬೀಗತನ ಕೂಡಿಸಿದ ಅತ್ತೆ

ನಮ್ಮ ಸೋದರತ್ತೆ ಮನುಷ್ಯರ ಮದುವೆ ಒಂದನ್ನೂ ಕುದುರಿಸಿದವಳಲ್ಲ. ಆದರೆ ಹುಳುಗಳಿಗೆ ಬೀಗತನ ಕೂಡಿಸುವುದರಲ್ಲಿ ವನದುರ್ಗದ ಸುತ್ತಮುತ್ತ ಅವಳನ್ನು ಮೀರಿಸಿದವರಿಲ್ಲ! ನಗಬೇಡಿ. ಇದೇ ಕಾರಣಕ್ಕೆ ಅವಳೂ ನಮ್ಮಪ್ಪನೂ ಒಮ್ಮೆ ಹೊಲದ ಬದುವಿನ ಮೇಲೆ ಎದುರುಬದುರು ನಿಂತರು.

ಆಗೆಲ್ಲ ಬಿಟಿ ಹತ್ತಿಬೀಜ ಕೊಂಡರೆ ದೊಡ್ಡ ಪಾಕೀಟಿನ ಜೊತೆ ಸಾದಾ ಹತ್ತಿಯ ಸಣ್ಣ ಪಾಕೀಟೊಂದು ಬರುತ್ತಿತ್ತು, ಹೊಲದ ಸುತ್ತ ಬಿತ್ತಲಿ ಅಂತ. ಬಿಟಿ ಗಿಡದೊಳಗೇ ಹುಳ ಕೊಲ್ಲುವ ವಿಷ ಇರುತ್ತದೆ, ಸಾದಾ ಗಿಡದಲ್ಲಿ ಇರುವುದಿಲ್ಲ. ಬೇಕೆಂದೇ ಹುಳಕ್ಕೆ ಎಲೆ ಹಾಕಿ ಬಡಿಸುವ ಹುಚ್ಚು ಯಾರಿಗಿದೆ ಹೇಳಿ? ಶಹಾಪುರದ ಬೀಜದಂಗಡಿಯ ಮುಂದೆಯೇ ಎಲ್ಲರೂ ಅದನ್ನು ಎಸೆದು ಬರುತ್ತಿದ್ದರು. ನಮ್ಮತ್ತೆ ತನ್ನದನ್ನು ಬಿತ್ತಿದ್ದಲ್ಲದೆ, ಮಂದಿ ಎಸೆದದ್ದನ್ನೂ ಆಯ್ದು ತಂದು ಬಿತ್ತಿದಳು!

ಇದಕ್ಕೆಲ್ಲ ಕೃಷಿ ತರಬೇತಿಯೊಂದು ಕಾರಣ. ಹೋದವರೆಲ್ಲ ಉಪ್ಪಿಟ್ಟು ತಿಂದು ಎದ್ದು ಬಂದಿದ್ದರು. ಕೊನೆಯವರೆಗೆ ಕೂತು ಕೇಳಿದವಳು ಇವಳೊಬ್ಬಳೇ.

"ವಿಷ ತಿಂದೂ ಸಾಯದ ಹುಳ ಎಲ್ಲೋ ಒಂದೆರಡು ಇರ್ತಾವ," ಎಂದು ನನಗೆ ಪಾಠ ಹೇಳುತ್ತಿದ್ದಳು. "ಅವು ಪತಂಗ ಆಗಿ ಅವಕ್ಕವೇ ಗಂಟು ಬಿದ್ರ ಮರಿನೂ ಸಾಯಂಗಿಲ್ಲ. ನನ್ನ ಸಾದಾ ಹತ್ತ್ಯಾಗ ಬೆಳದದ್ದಕ್ಕ ಗಂಟು ಬಿದ್ರ, ಮರಿ ಬಿಟಿ ತಿಂದು ಸಾಯ್ತಾವ. ಅದಕ್ಕ ಬೀಗತನ ಮಾಡ್ಸಾಕತ್ತೀನಿ."

"ಜಾತಕ ನೋಡಿಯೇನು ಅತ್ತಿ?"

"ನಿಂದು ನೋಡೀನಿ. ಬಾಯಿ ಭಾಳ ಅಂತ ಬರದದ."

ಮನೆಗೆ ಯಾರೇ ಬರಲಿ, ಹತ್ತಿ ಕಾಯಿ ಸೀಳಿ ತೋರಿಸಬೇಕು ಅವಳಿಗೆ. ಸುರಪುರದಿಂದ ಅವಳ ಮಗಳನ್ನು ನೋಡಲು ಬಂದವರ ಮುಂದೆ ಬಿಸ್ಕೀಟಿನ ತಟ್ಟೆಯಲ್ಲೇ ನಾಲ್ಕು ಕಾಯಿ ಸೀಳಿಟ್ಟಿದ್ದಳು. ಹುಡುಗನ ತಾಯಿ ಕೈ ಚಾಚಿ, ಒಳಗೆ ಮಿಸುಕಾಡುವ ಗುಲಾಬಿ ಹುಳ ಕಂಡು, ಚಹಾ ಬಿಟ್ಟೇ ಎದ್ದುಹೋದರು.

ಆ ವರ್ಷ ದೀಪಾವಳಿಗೆ ನಾನು ಸೈದಾಪುರದ ನೌಕರಿಯಿಂದ ರಜೆಯ ಮೇಲೆ ಊರಿಗೆ ಬಂದಿದ್ದೆ. ಅಷ್ಟರಲ್ಲಿ ಅಪ್ಪನ ಬಿಟಿ ಹತ್ತಿಗೇ ಹುಳ ಬಿದ್ದಿತ್ತು. ಮೇಲೆ ಕಾಯಿ ಚೆಂದ, ಒಳಗೆ ಅರಳೆಯೆಲ್ಲ ಹೊಲಸು. ನಮ್ಮ ಹೊಲ ಅತ್ತೆಯ ಹೊಲಕ್ಕೆ ಹತ್ತಿಕೊಂಡೇ ಇತ್ತು. ಅವಳು ಸಾಕಿದ ಹುಳವೇ ಊರು ಹಾಳು ಮಾಡಿತು ಎಂದು ಮಂದಿ ಅಪ್ಪನ ಕಿವಿ ಊದಿದರು. ಅಪ್ಪ ಬೆಳಿಗ್ಗೆ ಕುಡಗೋಲು ಹಿಡಿದು, ಕೀಟನಾಶಕ ತುಂಬಿದ ಪಂಪು ಬೆನ್ನಿಗೇರಿಸಿ ಹೊರಟ. ಅಕ್ಕ-ತಮ್ಮ ಮಾತು ಬಿಟ್ಟರೆ ಏನು ಗತಿ ಎಂದು ಹೆದರಿ ನಾನೂ ಹಿಂದೆ ಓಡಿದೆ. ಅತ್ತೆ ಆಗಲೇ ಬದುವಿನ ಮೇಲೆ ನಿಂತಿದ್ದಳು.

"ಬಾಜೂಕ ಸರಿ ಅಕ್ಕಾ. ನಿನ್ನ ಸಾಲು ಕಡೀತೀನಿ. ಆಮ್ಯಾಗ ಎರಡೂ ಹೊಲಕ್ಕ ಎಣ್ಣಿ ಹೊಡೀತೀನಿ," ಎಂದ ಅಪ್ಪ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅನ್ನುತ್ತಾರೆ.

ಅತ್ತೆ ಅಪ್ಪನ ಗಿಡದ್ದೇ ಕಾಯಿ ಕಿತ್ತು ಸೀಳಿದಳು. ಹುಳ ಹರಿದಾಡುತ್ತಿತ್ತು.

"ನನ್ನ ಹುಳ ಆಗಿದ್ರ ನಿನ್ನ ಬಿಟಿ ತಿಂದು ಸಾಯ್ತಿತ್ತು ತಮ್ಮಾ. ಇದು ಉಂಡು ಮೈ ಬಂದದ. ಇದು ನೀವೆಲ್ಲ ಪಾಕೀಟ ಒಗದು ಸಾಕಿದ್ದು. ನಾ ಒಬ್ಬಾಕಿ ಎಷ್ಟಂತ ತಡೀಲಿ?"

"ನಿನ್ನ ಪಾಠ ಸಾಕು."

ಅಪ್ಪ ಕುಡಗೋಲು ಬೀಸಿದ. ಒಂದು ಗಿಡ ಉರುಳಿತು, ಇನ್ನೊಂದು ಉರುಳಿತು. ಅತ್ತೆ ಅಡ್ಡ ಬರಲಿಲ್ಲ. ಅಪ್ಪನ ಹಿಂದೆ ಹೋಗಿ ಪಂಪಿನ ಪಟ್ಟಿ ಹಿಡಿದಳು.

"ಎಲ್ಲಾ ಕಡಿ. ಒಂದೂ ಉಳಸಬ್ಯಾಡ. ಇದನ್ನ ಮಾತ್ರ ಇಳಸು. ಬಿಟಿ ಬರೂಕಿಂತ ಮೊದಲ, ದಿನಾ ಎಣ್ಣಿ ಹೊಡದು ಹೊಡದು, ಇದೇ ಹೊಲದಾಗ ಬಿದ್ದಿದ್ದಿ. ಬಾಯಾಗ ನೊರಿ. ಯಾದಗಿರಿ ದವಾಖಾನಿ ಮುಟ್ಟೋತನ ನಿನ್ನ ತಲಿ ನನ್ನ ತೊಡಿ ಮ್ಯಾಲಿತ್ತು, ಉಸುರು ಐತೋ ಇಲ್ಲೋ ಅಂತ ಮೂಗಿಗೆ ಬೆರಳಿಟ್ಟು ನೋಡ್ತಿದ್ದೆ. ಬಿಟಿ ಕೆಡದಿದ್ರ ಇದು ಮತ್ತ ನಿನ್ನ ಬೆನ್ನಿಗೆ ಏರಂಗಿಲ್ಲಂತ ಇಷ್ಟು ಹುಚ್ಚಾಟ ಮಾಡೀನಿ ತಮ್ಮಾ."

ಅಪ್ಪ ಕುಡಗೋಲು ಕೆಳಗೆ ಹಾಕಿ ತೋಳು ಸಡಿಲಿಸಿದ. ತುಂಬಿದ ಪಂಪು ಅವಳೊಬ್ಬಳಿಗೆ ಭಾರವಾಯಿತು. ಇಬ್ಬರೂ ಹಿಡಿದು ಅದನ್ನು ಬದುವಿನ ಮೇಲೆ ಇಳಿಸಿದರು.