ರೈಲನ್ನು ಸೋಸಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಷ್ಟು ಶ್ರದ್ಧೆಯಿಂದ ಹೆದರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ! ಡೋಂಬಿವಲಿಯ ನಮ್ಮ ಮನೆಯಿಂದ ಕಳವಾಕ್ಕೆ ಹಿಂತಿರುಗುವಾಗ ಲೋಕಲ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಕೂರುವುದಿಲ್ಲ. ಹತ್ತಿದೊಡನೆ ಬಾಗಿಲ ಬಳಿ ನಿಂತು ಮುಂದಿನವರ ಬೆನ್ನು ತಟ್ಟಿ, ಕಳವಾದಲ್ಲಿ ಇಳಿಯುವವರೇ ಎಂದು ಕೇಳುತ್ತಾರೆ.

"ಕಳವಾ ಉತರ್ನಾ ಹೈ ಕ್ಯಾ?"

"ಅರೇ ಅಂಕಲ್, ಅಭೀ ದಿವಾ ಭೀ ನಹೀ ಆಯಾ." ಕಳವಾಕ್ಕಿಂತ ಎರಡು ಸ್ಟೇಷನ್ ಮೊದಲಿನ ದಿವಾ ಕೂಡ ಇನ್ನೂ ಬಂದಿಲ್ಲ ಎನ್ನುತ್ತಾರೆ ಅವರು.

"ಆಯೇಗಾ ನಾ."

ಬರದೆ ಎಲ್ಲಿಗೆ ಹೋಗುತ್ತದೆ ಹೇಳಿ?

ಇಂಥವರಿಗೆ ಸಿಕ್ಕಿದ ಕೆಲಸ ನೋಡಿ: ಮಹಾಪೆಯ ಕಂಪನಿಯೊಂದರಲ್ಲಿ ಡಿಜಿಟಲ್ ಫಿಲ್ಟರ್ ಮಾಡುವುದು. ಅದು ಶಬ್ದದ ಜರಡಿ. ಗದ್ದಲವನ್ನು ತಡೆದು ಮಾತನ್ನು ಬಿಡಬೇಕು. ಜರಡಿ ಎಷ್ಟು ಬಿಗಿ ಎಂಬ ಲೆಕ್ಕಕ್ಕೆ ಆರ್ಡರ್ ಎನ್ನುತ್ತಾರೆ. ಕಡಿಮೆಯಾದರೆ ಗದ್ದಲ ನುಸುಳುತ್ತದೆ, ಹೆಚ್ಚಾದರೆ ಮಾತು ತಡವಾಗಿ ಹೊರಬರುತ್ತದೆ. ಅಂದಾಜು ಮಾಡಲು ಸೂತ್ರವೇನೋ ಇದೆ. ಸೂತ್ರ ನೂರು ಎಂದರೆ ಚಿಕ್ಕಪ್ಪ ಇನ್ನೂರು ಹಾಕುತ್ತಾರೆ!

"ಫಾರ್ಮುಲಾ ಪೇ ಭರೋಸಾ ನಹೀ ಕ್ಯಾ?" ಸೂತ್ರದ ಮೇಲೆ ನಂಬಿಕೆ ಇಲ್ಲವೇ ಎಂದು ಸಾಹೇಬರು ರೇಗಿದರಂತೆ.

"ಫಾರ್ಮುಲಾಕೋ ಡರ್ ನಹೀ ಲಗ್ತಾ ಸರ್, ಮೇರೆಕೋ ಲಗ್ತಾ ಹೈ" ಎಂದರಂತೆ ಇವರು, ಹೆದರಿಕೆ ಸೂತ್ರಕ್ಕಿಲ್ಲ, ತನಗಿದೆ ಎಂದು.

ಕಳವಾದಲ್ಲಿ ಅವರದೂ ಅಜ್ಜಿಯದೂ ಹಳಿಯ ಪಕ್ಕದ ಎರಡು ಕೋಣೆಯ ಮನೆ. ಅಜ್ಜಿಗೆ ಕಿವಿ ಮಂದವಾಗುತ್ತ ಬಂದಾಗ ಚಿಕ್ಕಪ್ಪನ ಮಾತೆಲ್ಲ ರೈಲಿನ ಸದ್ದಿನಲ್ಲಿ ಮುಳುಗತೊಡಗಿತು. ಅಮ್ಮನಿಗೆ ತನ್ನ ದನಿ ಒಂದು ದಿನ ಪೂರ್ತಿ ಕೇಳದೇ ಹೋದರೆ? ಆ ಭಯಕ್ಕೆ ಅವರಿಗೆ ಅನ್ನ ಸೇರಲಿಲ್ಲ. ಹೆಡ್‌ಫೋನ್ ಸಿಕ್ಕಿಸಿದ ಪುಟ್ಟ ಪೆಟ್ಟಿಗೆಯೊಂದನ್ನು ತಾವೇ ಮಾಡಿದರು. ರೈಲಿನ ಗುಡುಗು ಒಳಗೆ ಸುಳಿಯಬಾರದೆಂದು ಆರ್ಡರನ್ನು ಧಾರಾಳವಾಗಿ ಹೆಚ್ಚಿಸಿದರು. ಭಾನುವಾರ ನಮ್ಮೆಲ್ಲರ ಮುಂದೆ ಅಜ್ಜಿಯ ಕಿವಿಗೇರಿಸಿ, "ಅಮ್ಮಾ, ಕೇಳ್ತದಾ?" ಎಂದರು.

ಅಜ್ಜಿ ಅವರ ಮುಖವನ್ನೇ ನೋಡುತ್ತಿದ್ದರು. "ನೀನು ಬಾಯಿ ಮುಚ್ಚಿದ ಮೇಲೆ ಮಾತು ಬರ್ತದಲ್ಲ ಮಗಾ!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. "ಆರ್ಡರ್ ಇಳಿಸಿದ್ರೆ ರೈಲು ನುಗ್ತದೆ" ಎಂದು ಚಿಕ್ಕಪ್ಪ ಮಾತ್ರ ಜಗ್ಗಲಿಲ್ಲ.

ಮರುದಿನ ಸಂಜೆ ನಾನು ಅಲ್ಲಿಗೆ ಹೋದಾಗ ಅಜ್ಜಿ ಹೆಡ್‌ಫೋನ್ ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದರು.

"ರೈಲು ನಿಂತಿದೆ ಅಲ್ವಾ? ಒಂದೂ ಹೋಗ್ಲಿಲ್ಲ. ಏನಾಗಿದೆಯೋ. ಅವನು ಬರ್ಲಿಲ್ಲ."

ಈ ಕಡೆ ರೈಲು ನಿಂತಿತೆಂದರೆ ಮನೆಮನೆಯಲ್ಲೂ ಉಸಿರು ನಿಲ್ಲುತ್ತದೆ. ಅಷ್ಟರಲ್ಲಿ ಬೆನ್ನ ಹಿಂದೆಯೇ ಲೋಕಲ್ ಒಂದು ಧಡಧಡನೆ ಹಾದುಹೋಯಿತು. ಅಜ್ಜಿ ತಿರುಗಿಯೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಬಂದರು. ಅಜ್ಜಿ ಅವರ ಕೈ ಹಿಡಿದು ಬಿಡಲೇ ಇಲ್ಲ. "ಆ ಗಲಾಟೆ ಇರ್ಲಿ ಮಗಾ. ರೈಲು ಕೇಳಿದ್ರೆ ನೀನು ಬರ್ತಿ ಅಂತ ಧೈರ್ಯ ನಂಗೆ."

ಹೆದರಿಕೆ ಚಿಕ್ಕಪ್ಪನಿಗೆ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಅವತ್ತು.

ಸೂತ್ರಕ್ಕಿಂತ ಕಡಿಮೆ ಆರ್ಡರನ್ನು ಚಿಕ್ಕಪ್ಪ ಹಾಕಿದ್ದು ಅದೊಂದೇ ಸಲ. ಈಗ ಮಾತಿನ ನಡುವೆ ರೈಲು ಬಂದರೆ ಅವರು ಸುಮ್ಮನಾಗುತ್ತಾರೆ. ಅಜ್ಜಿ ಕಣ್ಣು ಮುಚ್ಚಿ ಅದು ಪೂರ್ತಿ ಹೋಗುವವರೆಗೂ ಕೇಳಿಸಿಕೊಳ್ಳುತ್ತಾರೆ, ಮಗ ಎದುರಿಗೇ ಕೂತಿದ್ದರೂ.