ಐವತ್ತೆಂಟರ ಶಿಶುವಿಗೆ ಜ್ಞಾನಸ್ನಾನ

ಬಹಳ ಹಿಂದೆ, ಓದುಗರು ಯಾರನ್ನೂ ನೆನೆಸಿಕೊಂಡು ಮುಸಿಮುಸಿ ನಗಬೇಕಾದ ಅಗತ್ಯವಿಲ್ಲದಷ್ಟು ಹಿಂದೆ, ಸುಮುಖಪುರಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಅಭಿಮಾನತುಂಗ ಮಹಾಪ್ರಭುಗಳು ಪ್ರಜೆಗಳಿಗೆ ಎಷ್ಟು ಮಾತು ಕೊಟ್ಟಿದ್ದರೆಂದರೆ, ಅವು ನೆನಪಾದಾಗಲೆಲ್ಲ ಅವರಿಗೆ ಎದೆಯುರಿ ಬರುತ್ತಿತ್ತು.

ಅರಮನೆಯ ಪಕ್ಕದ ಕ್ರೈಸ್ತ ಇಗರ್ಜಿಯ ಗುರು ಇನ್ನಾಸಪ್ಪ ಸ್ವಾಮಿಗಳು ಒಂದು ಭಾನುವಾರ ಪ್ರಸಂಗದಲ್ಲಿ, "ಜ್ಞಾನಸ್ನಾನದ ನೀರಿನಲ್ಲಿ ಹಳೆಯ ಮನುಷ್ಯ ಸಾಯುತ್ತಾನೆ, ಹೊಸಬ ಏಳುತ್ತಾನೆ. ಎದ್ದವನು ದೇವರಿಗೆ ವಿಧೇಯನಾಗಿ ನಡೆಯುತ್ತಾನೆ" ಎಂದಿದ್ದರು. ಗೂಢಚಾರರು ಇದರ ಸಾರಾಂಶವನ್ನು ಅರಮನೆಗೆ ಮುಟ್ಟಿಸಿದರು. ಸಾರಾಂಶವಾದ್ದರಿಂದ ದೇವರು ಬಿಟ್ಟುಹೋಗಿ ವಿಧೇಯತೆ ಮಾತ್ರ ಉಳಿದಿತ್ತು.

ಕೂಡಲೇ ಸ್ವಾಮಿಗಳಿಗೆ ಕರೆ ಬಂತು. ಹೊರಟವರನ್ನು ಆರೋಗ್ಯಮ್ಮ ಬಾಗಿಲಲ್ಲೇ ತಡೆದಳು. ಅವಳ ಗಂಡ ರಾಯಪ್ಪ, ಪ್ರಭುಗಳ ಭಾಷಣದ ನಡುವೆ ಆಕಳಿಸಿ ಸೆರೆಮನೆ ಸೇರಿದ್ದ. ಪಕ್ಕದಲ್ಲಿದ್ದವರೂ ಆಕಳಿಸಿದ್ದರಿಂದ ಅದು ಸಂಘಟಿತ ಆಕಳಿಕೆ ಎಂದು ವಿಚಾರಣೆಯಲ್ಲಿ ಸಾಬೀತಾಗಿತ್ತು.

"ಸ್ವಾಮೇರೇ, ಹೆಂಗಾದ್ರೂ ಮಾಡಿ ನಮ್ಮನೆಯೋರ್ನ ಬಿಡಿಸ್ಕೊಂಡ್ ಬನ್ನಿ. ಒಂದೇ ಸಮ ಕೆಮ್ತಾವ್ರೆ. ಇನ್ನೊಂದು ಚಳಿಗಾಲ ಅಲ್ಲಿ ತಡ್ಯಾಕಿಲ್ಲ" ಎಂದಳು.

ಅರಮನೆಯಲ್ಲಿ ಪ್ರಭುಗಳು ನೇರವಾಗಿ ವಿಷಯಕ್ಕೆ ಬಂದರು. "ನಮಗೆ ಜ್ಞಾನಸ್ನಾನವಾಗಬೇಕು. ತುರ್ತಾಗಿ."

"ಮೊದಲು ಪಶ್ಚಾತ್ತಾಪ, ಪ್ರಭು. ಮಾಡಿದ ಅನ್ಯಾಯ ಸರಿಪಡಿಸಬೇಕು. ರಾಯಪ್ಪನನ್ನು ಬಿಡಿ."

"ಬಿಡೋಣವಂತೆ. ಸ್ನಾನವಾಗಲಿ. ಇದು ನಮ್ಮ ಮಾತು."

ಸ್ವಾಮಿಗಳ ಎದೆ ಹಗುರಾಯಿತು. ಪಾಪ, ಅವರು ಒಳ್ಳೆಯವರು. ಒಳ್ಳೆಯವರ ಎದೆ ಬಹಳ ಬೇಗ ಹಗುರಾಗಿಬಿಡುತ್ತದೆ.

ಸ್ನಾನದ ದಿನ ಅರಮನೆಯ ಕೊಳದ ಸುತ್ತ ಪ್ರಜೆಗಳನ್ನು ಬಂಡಿಗಳಲ್ಲಿ ತುಂಬಿಸಿ ತರಲಾಗಿತ್ತು. ಪ್ರಭುಗಳು ಸೊಂಟಮಟ್ಟ ನೀರಿಗಿಳಿದರು. ಜೊತೆಗಿಳಿದ ಸ್ವಾಮಿಗಳು ಪದ್ಧತಿಯಂತೆ ಕೇಳಿದರು: "ಸೈತಾನನನ್ನೂ ಅವನ ಎಲ್ಲ ಕೃತ್ಯಗಳನ್ನೂ ತ್ಯಜಿಸುತ್ತೀರಾ?"

ಪ್ರಚಾರಮಂತ್ರಿ ಮಧುರಭಾಷಿ ದಡದಿಂದಲೇ, "ತ್ಯಜಿಸುತ್ತೇವೆ" ಎಂದ.

"ಉತ್ತರ ಕೊಡಬೇಕಾದವರು ಪ್ರಭುಗಳು."

"ಪೂಜ್ಯರೇ, ಎಳೆಗೂಸುಗಳ ಪರವಾಗಿ ಜ್ಞಾನತಂದೆ ಜ್ಞಾನತಾಯಿಯರು ಉತ್ತರಿಸುವುದು ನಿಮ್ಮದೇ ಪದ್ಧತಿಯಲ್ಲವೇ? ನಮ್ಮ ಪ್ರಭುಗಳದು ಶಿಶುಹೃದಯ. ಆದಕಾರಣ ಸಮಸ್ತ ಪ್ರಜೆಗಳನ್ನೂ ಅವರ ಜ್ಞಾನತಂದೆ ತಾಯಿಯರೆಂದು ನಿನ್ನೆಯ ಅಧಿಸೂಚನೆಯಲ್ಲಿ ಘೋಷಿಸಲಾಗಿದೆ."

ಶಿಶುವಿಗೆ ಆಗ ಐವತ್ತೆಂಟು ವರ್ಷ. ಅದು ಸಂಕೋಚದಿಂದ ಮೀಸೆ ತಿರುವಿಕೊಂಡಿತು.

"ದೇವರ ಚಿತ್ತಕ್ಕೆ ವಿಧೇಯರಾಗಿ ನಡೆಯುತ್ತೀರಾ?" ಎಂದು ಸ್ವಾಮಿಗಳು ಕೇಳಿದಾಗ ಮಂತ್ರಿ ಕೈಸನ್ನೆ ಮಾಡಿದ. "ನಡೆಯುತ್ತೇವೆ!" ಎಂದು ಪ್ರಜೆಗಳು ಕೂಗಿದರು. ಇದಕ್ಕೆ ಆಡಳಿತ ಭಾಷೆಯಲ್ಲಿ ವಿಧೇಯತೆಯ ವಿಕೇಂದ್ರೀಕರಣ ಎಂದು ಹೆಸರು.

ಸ್ವಾಮಿಗಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಇದು ಸಂಸ್ಕಾರವಲ್ಲ, ನಾಟಕವೆಂದು ಅವರಿಗೆ ಗೊತ್ತಾಯಿತು. ಅಷ್ಟರಲ್ಲಿ ಜನರ ನಡುವೆ ಕೈಮುಗಿದು ನಿಂತ ಆರೋಗ್ಯಮ್ಮ ಕಂಡಳು. ಅವಳಿಗಾಗಿ ಅವರು ಪ್ರಭುಗಳನ್ನು ನೀರಿನಲ್ಲಿ ಮುಳುಗಿಸಿ ಎತ್ತಿದರು. ಮಾಡಬಾರದಿತ್ತು, ಮಾಡಿದರು.

"ಪ್ರಭು, ಇನ್ನು ರಾಯಪ್ಪ..."

"ಯಾವ ರಾಯಪ್ಪ? ಮಾತು ಕೊಟ್ಟವನು ಹಳೆಯ ಅರಸ. ಅವನು ಈಗತಾನೇ ತೀರಿಕೊಂಡ. ಮುಳುಗಿಸಿದವರು ನೀವೇ."

ಜನರ ನಡುವಿನಿಂದ ಆರೋಗ್ಯಮ್ಮ ಕೂಗಿದಳು: "ಹಂಗಾದ್ರೆ ಜೈಲಿಗೆ ಹಾಕ್ದೋನೂ ಸತ್ತಂಗಾಯ್ತಲ್ಲ ಬುದ್ಧಿ! ನಮ್ಮನೆಯೋರ್ನ ಈಗ ಯಾರು ಇಟ್ಕೊಂಡವ್ರೆ?"

ಮಧುರಭಾಷಿ ಗಂಟಲು ಸರಿಮಾಡಿಕೊಂಡು, "ಮಾತುಗಳು ಅರಸನ ಖಾಸಗಿ ಸ್ವತ್ತು, ಅವನೊಂದಿಗೇ ಹೋಗುತ್ತವೆ. ಶಿಕ್ಷೆಗಳು ಸಿಂಹಾಸನದ ಆಸ್ತಿ, ಅಬಾಧಿತವಾಗಿ ಮುಂದುವರಿಯುತ್ತವೆ" ಎಂದು ವಿವರಿಸಿದ. ಕರತಾಡನವಾಯಿತು.

ಸ್ವಾಮಿಗಳಿಗೆ ಜೀವಮಾನದಲ್ಲೇ ಬರದಿದ್ದ ಸಿಟ್ಟು ಬಂತು. "ವಿಧೇಯತೆ ಅಂದ್ರೆ ನೀರಿಂದ ಎದ್ದೋನು ನಡೆಯೋ ದಾರಿ ಕಣಯ್ಯಾ! ದಡದಲ್ಲಿ ನಿಂತೋರ ತಲೆ ಮೇಲೆ ಹೊರಿಸೋ ಮೂಟೆ ಅಲ್ಲ. ಆ ದಾರೀಲಿ ನಡೀದೇ ಇದ್ರೆ ನಿನಗೆ ಆಗಿರೋದು ಜ್ಞಾನಸ್ನಾನ ಅಲ್ಲ, ಬರೀ ಮೈ ಒದ್ದೆ!"

ಶಿಶುವಿನ ಮೇಲೆ ರೇಗಿದ್ದಕ್ಕಾಗಿ ಸ್ವಾಮಿಗಳನ್ನು ಶಿಶು ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಬಂಧಿಸಿ, ರಾಯಪ್ಪನ ಕೋಣೆಗೇ ಹಾಕಿದರು. ಪ್ರಭುಗಳು ಪ್ರತಿವರ್ಷವೂ ಹೊಸದಾಗಿ ಹುಟ್ಟಲು ಒಪ್ಪಿಕೊಂಡಿದ್ದಾರೆಂಬ ಸಿಹಿಸುದ್ದಿಯನ್ನು ಅಂದೇ ಸಂಜೆ ಸಾರಲಾಯಿತು. ಇನ್ನು, ಜ್ಞಾನತಂದೆ ತಾಯಿಯರು ಮಗುವಿಗೆ ಉಡುಗೊರೆ ಕೊಡುವುದು ವಾಡಿಕೆಯಲ್ಲವೇ? ಅದನ್ನು ಕಡ್ಡಾಯ ಮಾಡಲಾಯಿತು.

ಮರುದಿನ ಅರಮನೆಯ ಮುಂದೆ ಊರಿಗೆ ಊರೇ ಸಾಲುಗಟ್ಟಿತ್ತು. ಆರೋಗ್ಯಮ್ಮನೂ ನಿಂತಿದ್ದಳು, ಸೆರೆಮನೆಗೆ ಒಯ್ಯಬೇಕಾದ ಇಬ್ಬರ ಊಟ ಒಂದು ಕೈಯಲ್ಲಿ, ಮನೆಯಲ್ಲಿದ್ದ ಒಂದೇ ಒಂದು ತಾಮ್ರದ ಚೊಂಬು ಇನ್ನೊಂದರಲ್ಲಿ. ಅಧಿಕಾರಿ ಚೊಂಬನ್ನು ತಿರುಗಿಸಿ ಮುರುಗಿಸಿ ನೋಡಿದ.

"ಸ್ವಲ್ಪ ನೆಗ್ಗಿದೆ. ಇರ್ಲಿ ಬಿಡಮ್ಮ, ಮಗು ಬೇಜಾರು ಮಾಡ್ಕೊಳ್ಳಲ್ಲ" ಎಂದು ಒಳಗಿಟ್ಟುಕೊಂಡ.