ಧ್ವನಿಯಂತ್ರದ ಬಾಯಿಗೆ ಅಂಟಿಸಿದ ಉತ್ತೀರ್ಣದ ಚೀಟಿ

ಧ್ವನಿವರ್ಧಕ ತಯಾರಿಕಾ ಸಂಸ್ಥೆಯ, ಚೀಟಿ ಅಂಟಿಸುವ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಅಂಟಿನ ಕ್ಷೇಮವನ್ನು ಮಾತ್ರ ನಂಬಬೇಕಾದ ಪ್ರಮೇಯವಿಲ್ಲ. ಸುಮಾರು ಎರಡು ವಾರ ಅದು ನಮ್ಮ ಮನೆಯಲ್ಲೇ ಬೀಡುಬಿಟ್ಟಿದ್ದರಿಂದ ದಿನವೂ ಕಣ್ಣಾರೆ ಕಂಡು ಧನ್ಯನಾಗಿದ್ದೇನೆ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ನೂರಕ್ಕೆ ನೂರು ಅಂಕವನ್ನು ಒಬ್ಬರಿಗೂ ಕೊಟ್ಟವನಲ್ಲ. ಆ ಗೌರವ ಇಂದು ತಮ್ಮ ಅಂಟಿಗೆ ಸಲ್ಲುತ್ತಿದೆ.

ವಿಷಯವಿಷ್ಟು. ನನ್ನ ಅಕ್ಕ ನನಗಿಂತ ಆರು ವರ್ಷ ದೊಡ್ಡವರು, ಅವರೂ ಶಿಕ್ಷಕಿಯಾಗಿದ್ದವರು. ಕಳೆದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ದನಿ ಪಿಸುಮಾತಿಗೆ ಇಳಿದಿದೆ. ಆದರೂ ಬಡಾವಣೆಯ ಗ್ರಂಥಾಲಯದಲ್ಲಿ ಶನಿವಾರ ಮಕ್ಕಳಿಗೆ ಕಥೆ ಓದುವ ಕೆಲಸವನ್ನು ಬಿಡಲೊಪ್ಪದೆ, ಕೊರಳಿಗೆ ತೂಗುಹಾಕಿಕೊಳ್ಳುವ ತಮ್ಮ ಸಂಸ್ಥೆಯ ಪುಟ್ಟ ಧ್ವನಿವರ್ಧಕವನ್ನು ತರಿಸಿಕೊಂಡರು. ಡಬ್ಬಿ ತೆರೆದಾಗ, ದನಿ ಹೊರಬರಬೇಕಾದ ಸಣ್ಣ ರಂಧ್ರಗಳ ಜಾಲರಿಯ ನಟ್ಟನಡುವೆ, ಅರ್ಧ ಅಂಗೈಯಗಲದ ಚೀಟಿಯೊಂದು ವಿರಾಜಮಾನವಾಗಿತ್ತು: ‘ಧ್ವನಿ ಪರೀಕ್ಷೆಯಲ್ಲಿ ಉತ್ತೀರ್ಣ’. ಅಭ್ಯರ್ಥಿಯ ಬಾಯಿಗೆ ಕಾಗದ ಮೆತ್ತಿ ಮೌಖಿಕ ಪರೀಕ್ಷೆಯಲ್ಲಿ ತೇರ್ಗಡೆ ಮಾಡುವ ಈ ಪದ್ಧತಿ ನನ್ನ ಸೇವಾವಧಿಯಲ್ಲಿ ಹೊಳೆದಿದ್ದರೆ ಎಷ್ಟು ಶಾಲೆಗಳ ಫಲಿತಾಂಶ ಸುಧಾರಿಸುತ್ತಿತ್ತೋ!

ಚೀಟಿಯನ್ನು ಎಳೆದೆ. ಕಾಗದ ವಿನಯದಿಂದ ಬಂದಿತು, ಅಂಟು ಬರಲಿಲ್ಲ. ಎರಡೇ ದಿನದಲ್ಲಿ ಅದು ಮನೆಯ ಧೂಳನ್ನೆಲ್ಲ ಬಳಿಗೆ ಕರೆದುಕೊಂಡು ಕಪ್ಪಾಯಿತು. ಆ ಶನಿವಾರ ಅಕ್ಕ ಓದತೊಡಗಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು, ‘ಅಜ್ಜಿ, ನೀವು ಡಬ್ಬದೊಳಗೆ ಕೂತ್ಕೊಂಡು ಓದ್ತಿದೀರಾ?’ ಎಂದು ಕೇಳಿದಳು. ಗ್ರಂಥಪಾಲಕರು ಬಹಳ ಗೌರವದಿಂದ ಅಕ್ಕನಿಗೆ ಒಂದು ವಾರ ವಿಶ್ರಾಂತಿ ಸೂಚಿಸಿ, ಅದರ ಮುಂದಿನ ಶನಿವಾರವೂ ಕೇಳಿಸದಿದ್ದರೆ ಬೇರೆಯವರನ್ನು ನೋಡಬೇಕಾದೀತೆಂದರು. ಆ ದಿನ ಅಕ್ಕ ಮನೆಗೆ ಬಂದು ಪುಸ್ತಕವನ್ನು ಕಪಾಟಿಗೆ ಇಟ್ಟರು. ಸಾಮಾನ್ಯವಾಗಿ ಅದು ಊಟದ ಮೇಜಿನ ಮೇಲಿರುತ್ತದೆ.

ಇಲ್ಲಿ ನನ್ನ ತಪ್ಪನ್ನೂ ದಾಖಲಿಸುವುದು ನ್ಯಾಯ. ವಿಜ್ಞಾನ ಬಲ್ಲೆನೆಂಬ ಹಮ್ಮಿನಲ್ಲಿ ನಾನು ಹಳೆಯ ಜ್ಯಾಮಿತಿ ಪೆಟ್ಟಿಗೆಯ ಕೈವಾರವನ್ನು ಹೊರತೆಗೆದು ಅದರ ಮುಳ್ಳಿನಿಂದ ಅಂಟನ್ನು ಕೆರೆದೆ. ಹೊರಗಿದ್ದ ಅಂಟು ಶಿಸ್ತಾಗಿ ರಂಧ್ರಗಳೊಳಗೆ ಹೋಗಿ ಕುಳಿತುಕೊಂಡಿತು. ಆಮೇಲೆ ಸೊಸೆಯ ಮೇಜಿನಿಂದ ಉಗುರುಬಣ್ಣ ಅಳಿಸುವ ದ್ರವವನ್ನು ತಂದು ಒರೆಸಿದೆ; ಹೊಳೆಯುತ್ತಿದ್ದ ಪ್ಲಾಸ್ಟಿಕ್ಕು ಬೂದಿ ಬಳಿದಂತಾಯಿತು, ಅಂಟು ಕದಲಲಿಲ್ಲ. ಅಕ್ಕ ನನ್ನ ಕಿವಿಯ ಬಳಿ ಬಾಗಿ, ‘ಮೇಷ್ಟ್ರೇ, ಚೀಟಿ ತೆಗಿ ಅಂದ್ರೆ ಅದರ ಗಂಟಲಿಗೂ ಆಪರೇಷನ್ ಮಾಡ್ಬಿಟ್ಯಲ್ಲೋ’ ಎಂದರು. ಪಿಸುಮಾತಾದರೂ ಅದು ಮನೆಗೆಲ್ಲ ಕೇಳಿಸಿತೆಂದೇ ನನ್ನ ಅನುಮಾನ.

ತಮ್ಮ ದೂರುವಿಭಾಗಕ್ಕೆ ಫೋನು ಮಾಡಿದೆ. ಅಲ್ಲಿನ ಹುಡುಗಿ ನಿಯಮವನ್ನು ತಿಳಿಸಿಕೊಟ್ಟಳು: ದೂರನ್ನು ಯಂತ್ರ ಬಳಸುವವರೇ, ತಮ್ಮ ಬಾಯಿಂದಲೇ, ಸ್ಪಷ್ಟವಾಗಿ ಹೇಳಬೇಕು. ಬಳಸುವವರಿಗೆ ದನಿಯಿಲ್ಲ, ದನಿ ಕೊಡಬೇಕಾದ ಯಂತ್ರದ ಬಾಯಿ ಮುಚ್ಚಿದೆ ಎಂದು ವಿವರಿಸಿದೆ. ಹಾಗಿದ್ದರೆ ಯಂತ್ರ ಸರಿಹೋದ ಮೇಲೆ ಅವರಿಂದಲೇ ಫೋನು ಮಾಡಿಸಿ ಎಂದಳು. ಇಂಥ ನಿಯಮವನ್ನು ರಚಿಸಿದ ಮಹನೀಯರನ್ನು ಒಮ್ಮೆ ದರ್ಶಿಸಬೇಕೆಂಬುದು ಅಂದಿನಿಂದ ನನ್ನ ಬಯಕೆಯಾಗಿದೆ.

ಕೊನೆಗೆ ಕೈಹಿಡಿದವರು ನಮ್ಮ ಬೀದಿಯ ರೇಡಿಯೋ ರಿಪೇರಿಯವರು. ಅವರು ಯಂತ್ರವನ್ನು ಆಫ್ ಮಾಡಿ, ಬ್ಯಾಟರಿ ತೆಗೆದು ಪಕ್ಕಕ್ಕಿಟ್ಟು, ಕೂದಲು ಒಣಗಿಸುವ ಯಂತ್ರದ ಸಣ್ಣ ಬಿಸಿಯನ್ನು ಗೇಣು ದೂರದಿಂದ ಹತ್ತು ಎಣಿಸುವಷ್ಟು ಹೊತ್ತು ತೋರಿಸಿದರು. ಮೆತ್ತಗಾದ ಅಂಟನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಬ್ಬಿಸಿದರು. ಬಿಸಿಯನ್ನೆಲ್ಲ ದೂರವಿಟ್ಟು, ಕಿಟಕಿ ತೆರೆದ ಮೇಲೆಯೇ ಐಸೊಪ್ರೊಪೈಲ್ ಆಲ್ಕೊಹಾಲಿನ ಬಾಟಲಿ ಹೊರಬಂದಿತು. ಅದನ್ನು ನೇರವಾಗಿ ಸುರಿಯಬಹುದೇ ಎಂದು ನಾನು ಕೇಳಿದ್ದಕ್ಕೆ, ‘ಬಾಟ್ಲಿ ಬಟ್ಟೆ ಮೇಲೆ ಬಗ್ಗಬೇಕು ಮೇಷ್ಟ್ರೇ, ಯಂತ್ರದ ಮೇಲಲ್ಲ’ ಎಂದರು. ಬಟ್ಟೆಗೆ ಎರಡೇ ಹನಿ. ಮೊದಲು ಯಂತ್ರದ ತಳದಲ್ಲಿ ಒರೆಸಿ ಬಣ್ಣ ಕೆಡದೆಂದು ಖಚಿತಪಡಿಸಿಕೊಂಡು, ಆಮೇಲೆ ಜಾಲರಿ. ರಂಧ್ರಗಳಲ್ಲಿದ್ದ ಚೂರುಗಳನ್ನು, ಯಂತ್ರವನ್ನು ಬೋರಲು ಹಿಡಿದು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆಳಕ್ಕೆ ಉದುರಿಸಿದರು. ಅರ್ಧ ಗಂಟೆ ಒಣಗಿದ ಮೇಲೆ ಬ್ಯಾಟರಿ. ನನ್ನ ಕೈವಾರವನ್ನು ಅವರು ನೋಡಿ, ಮುಳ್ಳಿನ ಅಂಟನ್ನು ಒರೆಸಿ ನನ್ನ ಕೈಗೇ ಮರಳಿಸಿದರು. ವಿದ್ಯಾವಂತರ ಮಧ್ಯೆ ಇಂಥ ಸಂಯಮ ಅಪರೂಪ.

ಆದ್ದರಿಂದ ತಮ್ಮಲ್ಲಿ ಕೆಲವು ನಮ್ರ ಕೋರಿಕೆಗಳು. ಇದೇ ಯಂತ್ರದ ದನಿ ಏರಿಸುವ ಗುಂಡಿ ಮೂರನೆಯ ದಿನವೇ ಕಳಚಿ ಮಂಚದ ಕೆಳಗೆ ಉರುಳಿಹೋಯಿತು; ಅದನ್ನು ಮತ್ತೆ ಕೂಡಿಸಿದವರೂ ರಿಪೇರಿಯವರೇ. ಗುಂಡಿ ಕೂಡಿಸುವ ವಿಭಾಗಕ್ಕೂ ತಾವೇ ಮುಖ್ಯಸ್ಥರಾಗಿ, ಗುಂಡಿಗೆ ಚೀಟಿಯ ಅಂಟನ್ನೂ ಚೀಟಿಗೆ ಗುಂಡಿಯ ಅಂಟನ್ನೂ ಹಂಚಬೇಕು. ಕಾಲುದಾರಿಯ ಕಲ್ಲು, ಕುರ್ಚಿಯ ಕಾಲು, ಸಂಸ್ಥೆಗಳು ಕೊಡುವ ಭರವಸೆ ಮೊದಲಾಗಿ ನಿಲ್ಲಬೇಕಾದ್ದೆಲ್ಲ ಅಲುಗಾಡುತ್ತಿರುವ ಈ ಕಾಲದಲ್ಲಿ ತಮ್ಮ ಪ್ರತಿಭೆಯನ್ನು ಅರ್ಧ ಅಂಗೈಯಗಲದ ಕಾಗದಕ್ಕೆ ಮೀಸಲಿಡುವುದು ನಾಡಿಗೆ ನಷ್ಟ. ಇವಾವುವೂ ಸಾಧ್ಯವಾಗದಿದ್ದರೆ, ಉತ್ತೀರ್ಣದ ಚೀಟಿಯನ್ನು ಒಂದು ದಿನದ ಮಟ್ಟಿಗೆ ತಮ್ಮ ತುಟಿಗಳ ಮೇಲೆ ಧರಿಸಿ ಆಡಳಿತ ಮಂಡಳಿಯ ಸಭೆಯಲ್ಲಿ ವರದಿ ಓದುವ ಕೃಪೆ ಮಾಡಬೇಕು.

ತಮ್ಮ ಅಂಟಿನಷ್ಟು ಬಿಡಲಾರದ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ

ಮರೆತ ಮಾತು: ನಾಳೆ ಶನಿವಾರ, ಪುಸ್ತಕ ಮೇಜಿಗೆ ಮರಳಿದೆ. ಓದುವ ಮುನ್ನ ಗಂಟಲು ಹದಮಾಡಿಕೊಳ್ಳಲೆಂದು ಅಕ್ಕ ಇಂದು ಬೆಳಿಗ್ಗೆ, ನಿಯಮಾನುಸಾರ, ತಮ್ಮ ದೂರುವಿಭಾಗಕ್ಕೆ ಸ್ವತಃ ಫೋನು ಮಾಡಿ ಈ ಪತ್ರವನ್ನು ಯಂತ್ರದ ಪೂರ್ಣ ದನಿಯಲ್ಲಿ ಓದಿದರು. ತುಂಬಾ ಜೋರಾಗಿ ಕೇಳಿಸುತ್ತಿದೆ ಎಂದು ಹುಡುಗಿ ಬೇಡಿಕೊಂಡಳು. ‘ಕೇಳಿಸ್ತಿದೆ ತಾನೇ, ತಾಯಿ? ಹಾಗಿದ್ರೆ ಪೆನ್ನು ತಗೋ, ಮೊದಲಿಂದ ಹೇಳ್ತೀನಿ’ ಎಂದರು ಅಕ್ಕ. ಫೋನು ಇನ್ನೂ ಇಟ್ಟಿಲ್ಲ; ಈಗ ಎರಡನೆಯ ಪುಟದಲ್ಲಿದ್ದಾರೆ.